ಕ್ರಾನ್‌ಬರಿನಾ, ಪ್ಲೇನ್ಸ್‌ಬರೋನಾ, ವೆಸ್ಟ್ ವಿಂಡ್ಸರ್ರಾ? ಸೆಂಟ್ರಲ್ ಜೆರ್ಸಿಯಲ್ಲಿ ಮನೆ ಹುಡುಕೋರಿಗೆ

ಮಾರ್ಚ್ ಶುರುವಾಯ್ತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರತ್ತೆ, "ಲೀಸ್ ಮುಗೀತಾ ಇದೆ ಕಣೇ, ಮಗು ಸೆಪ್ಟೆಂಬರ್‌ಗೆ ಕಿಂಡರ್‌ಗಾರ್ಟನ್, ಯಾವ ಊರಲ್ಲಿ ನೋಡೋಣ ಹೇಳು". ಒಂದೊಂದು ಗಂಟೆ ಮಾತಾಡಿ ನನ್ನ ಗಂಟಲು ಒಣಗತ್ತೆ, ಮಾರನೇ ದಿನ ಅವ್ರಿಗೆ ಅರ್ಧ ಮರೆತಿರತ್ತೆ, ಮತ್ತೆ ಫೋನು. ಅದಕ್ಕೆ ಈ ಸಲ ಕೂತ್ಕೊಂಡು ಬರೆದೇಬಿಡ್ತೀನಿ, ಯಾರು ಕೇಳಿದ್ರೂ ಇದನ್ನೇ ಕಳಿಸೋದು. ನಾವು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಐದು ವರ್ಷ ಅಪಾರ್ಟ್‌ಮೆಂಟಲ್ಲಿ ಬಾಡಿಗೆಗಿದ್ವಿ, ಕ್ರಾನ್‌ಬರಿಯಲ್ಲಿ ಮನೆ ತಗೊಳ್ಳೋಕೆ ಹೋಗಿ ಕೊನೇ ಗಳಿಗೇಲಿ ಹಿಂದೆ ಬಂದ್ವಿ, ಆಮೇಲೆ ಪ್ಲೇನ್ಸ್‌ಬರೋದಲ್ಲೇ ಒಂದು ಟೌನ್‌ಹೌಸ್ (ಗೋಡೆಗೆ ಗೋಡೆ ಸೇರಿದ ಸಾಲುಮನೆ) ತಗೊಂಡ್ವಿ. ಹಾಗಾಗಿ ನನ್ನ ತೂಕ ಸ್ವಲ್ಪ ಈ ಕಡೆ ವಾಲಿರತ್ತೆ, ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಓದಿ.

ಮೊದಲು ಈ ಟೌನ್‌ಶಿಪ್ ಅನ್ನೋ ಪದದ ವಿಷ್ಯ. ನಮ್ಮಲ್ಲಿ ಟೌನ್‌ಶಿಪ್ ಅಂದ್ರೆ ಫ್ಯಾಕ್ಟರಿ ಕ್ವಾರ್ಟರ್ಸು, ಇಲ್ಲಾಂದ್ರೆ ಈಗ ಬಿಲ್ಡರ್‌ಗಳು ಬೋರ್ಡ್ ಹಾಕ್ತಾರಲ್ಲ, ಗೇಟು, ಸೆಕ್ಯೂರಿಟಿ, ಕ್ಲಬ್‌ಹೌಸು. ನ್ಯೂಜೆರ್ಸಿಯಲ್ಲಿ ಅದು ಪೂರ್ತಿ ಬೇರೆ, ಇಲ್ಲಿ ಟೌನ್‌ಶಿಪ್ ಅಂದ್ರೆ ಒಂದು ಸ್ಥಳೀಯ ಸರ್ಕಾರ, ಗ್ರಾಮ ಪಂಚಾಯಿತಿಗೆ ಸ್ವಂತ ಪೊಲೀಸು ಸ್ವಂತ ಮೇಯರು ಕೊಟ್ಟಂಗೆ. ಇಡೀ ರಾಜ್ಯ 564 ಮುನಿಸಿಪಾಲಿಟಿಗಳಾಗಿ ತುಂಡುತುಂಡಾಗಿದೆ, ಇವುಗಳಲ್ಲಿ ಬರೋ, ಟೌನ್, ಸಿಟಿ, ವಿಲೇಜ್, ಟೌನ್‌ಶಿಪ್ ಅಂತ ಐದು ಥರ, ಯಾವುದಕ್ಕೂ ಸೇರದ ಒಂದು ಅಡಿ ಜಾಗನೂ ಇಲ್ಲ. ರಸ್ತೆಯ ಈ ಕಡೆ ಒಂದೂರು, ಆ ಕಡೆ ಇನ್ನೊಂದೂರು, ಮಧ್ಯೆ ಒಂದು ಪುಟ್ಟ ಹಸಿರು ಬೋರ್ಡ್ ಬಿಟ್ರೆ ಏನೂ ಗೊತ್ತಾಗಲ್ಲ, ಆದ್ರೆ ಆ ಗೆರೆ ದಾಟಿದ್ರೆ ಮಗುವಿನ ಸ್ಕೂಲು, ಮನೆ ಟ್ಯಾಕ್ಸು, ಕಸ ಎತ್ತೋ ದಿನ, ಲೈಬ್ರರಿ ಕಾರ್ಡು ಎಲ್ಲಾ ಬದಲಾಗ್ಬಿಡತ್ತೆ.

ಇನ್ನೊಂದು ಮಜಾ ಏನಂದ್ರೆ ಪೋಸ್ಟ್ ಆಫೀಸಿಗೆ ಈ ಗೆರೆ ಕಾಣ್ಸಲ್ಲ. 08540 ಅನ್ನೋ ಪಿನ್‌ಕೋಡು ಪ್ರಿನ್ಸ್‌ಟನ್‌ದು ಅಂತ ಎಲ್ರೂ ಅಂದ್ಕೊಳ್ತಾರೆ, ಆದ್ರೆ ಅದೇ ಕೋಡು ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೋ, ಸೌತ್ ಬ್ರನ್ಸ್‌ವಿಕ್, ಲಾರೆನ್ಸ್ ಟೌನ್‌ಶಿಪ್‌ಗಳ ಒಳಗೂ ನುಗ್ಗಿದೆ. ನಾವು ಬಂದ ಹೊಸದ್ರಲ್ಲಿ ಒಬ್ಬ ಏಜೆಂಟ್ "ಪ್ರಿನ್ಸ್‌ಟನ್ ಅಡ್ರೆಸ್, ಈ ರೇಟಿಗೆ ಸಿಗೋದೇ ಇಲ್ಲ" ಅಂತ ಒಂದು ಮನೆ ತೋರ್ಸಿದ್ರು, ನಾವು ಊರಿಗೆಲ್ಲಾ ಫೋನ್ ಮಾಡಿ ಪ್ರಿನ್ಸ್‌ಟನ್ನಲ್ಲಿ ಮನೆ ನೋಡ್ತಾ ಇದೀವಿ ಅಂತ ಹೇಳಿಯೂ ಆಯ್ತು, ನಮ್ಮಪ್ಪ ಅಂತೂ ಐನ್‌ಸ್ಟೈನ್ ಇದ್ದ ಊರು ಅಂತ ಬೀದಿಗೆಲ್ಲಾ ಸಾರಿದ್ರು. ಕೊನೆಗೆ ನೋಡಿದ್ರೆ ಟ್ಯಾಕ್ಸ್ ರೆಕಾರ್ಡಲ್ಲಿ ಸೌತ್ ಬ್ರನ್ಸ್‌ವಿಕ್. ಅದೂ ಒಳ್ಳೇ ಊರೇ, ಅದರ ಬಗ್ಗೆ ನನಗೆ ತಕರಾರಿಲ್ಲ, ಆದ್ರೆ ನಾವು ಲೆಕ್ಕ ಹಾಕಿದ್ದು ಬೇರೆ ಸ್ಕೂಲಿಗೆ. ಅವತ್ತಿಂದ ಲಿಸ್ಟಿಂಗಲ್ಲಿ ಊರಿನ ಹೆಸ್ರು ನೋಡೋದನ್ನೇ ಬಿಟ್ಟೆ, ಮುನಿಸಿಪಾಲಿಟಿ ಅನ್ನೋ ಕಾಲಮ್ ಎಲ್ಲಿದೆ ಅಂತ ಹುಡುಕ್ತೀನಿ.

ಸರಿ, ಈಗ ಊರುಗಳಿಗೆ ಬರೋಣ. ಕ್ರಾನ್‌ಬರಿಯಿಂದನೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ರೂ ಒಂದು ಭಾನುವಾರ ಅಲ್ಲಿಗೆ ಕಾಫಿಗೆ ಹೋಗಿ ಬಂದು, ಸೋಮವಾರ ನನಗೆ ಫೋನ್ ಮಾಡ್ತಾರೆ, "ಅಲ್ಲೇ ಮನೆ ಬೇಕು".

ಬೇಕು ಅನ್ಸೋ ಹಾಗೇ ಇದೆ ಬಿಡಿ. 2020ರ ಸೆನ್ಸಸ್ ಪ್ರಕಾರ ಜನಸಂಖ್ಯೆ 3,842, ಅಷ್ಟೇ. ನಮ್ಮ ಕಡೆ ಒಂದು ಹೋಬಳಿ ಊರಿಗಿಂತ ಕಮ್ಮಿ ಜನ. ಒಂದೇ ಒಂದು ಮೇನ್ ಸ್ಟ್ರೀಟು, ಎರಡೂ ಬದಿ ನೂರಾರು ವರ್ಷದ ಮರದ ಮನೆಗಳು, ಮುಂದೆ ಜಗಲಿ ಥರ ಪೋರ್ಚು, ದೊಡ್ಡ ದೊಡ್ಡ ಮರ, ಬ್ರೇನರ್ಡ್ ಲೇಕ್ ಅಂತ ಒಂದು ಕೆರೆ, ಅದರ ಪಕ್ಕ ಬಾತುಗಳು. ಊರ ಒಳಭಾಗ ಪೂರ್ತಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ 1980ರಲ್ಲೇ ಸೇರಿದೆ. 1778ರ ಜೂನ್ 26ಕ್ಕೆ ಜಾರ್ಜ್ ವಾಷಿಂಗ್ಟನ್ ತನ್ನ ಸೈನ್ಯದ ಜೊತೆ ಈ ಊರಲ್ಲಿದ್ದ, ಎರಡೇ ದಿನಕ್ಕೆ ಮನ್‌ಮತ್ ಯುದ್ಧ. ಪ್ರತಿ ವರ್ಷ ಲೇಬರ್ ಡೇ (ಇಲ್ಲಿ ಅದು ಸೆಪ್ಟೆಂಬರಿನ ಮೊದಲ ಸೋಮವಾರ) ಆದ್ಮೇಲಿನ ಶನಿವಾರ ಕ್ರಾನ್‌ಬರಿ ಡೇ ಅಂತ ಮಾಡ್ತಾರೆ, ಮೇನ್ ಸ್ಟ್ರೀಟ್ ಬಂದ್ ಮಾಡಿ ಅಂಗಡಿ, ಬ್ಯಾಂಡು, ಮಕ್ಕಳಿಗೆ ಆಟ, ನಮ್ಮೂರ ಜಾತ್ರೆ ನೆನಪಾಗತ್ತೆ, ತೇರೊಂದು ಇಲ್ಲ ಅಷ್ಟೇ.

ಈ ಊರು ಹೀಗೆ ಉಳ್ಕೊಂಡಿದ್ದು ಹೇಗೆ ಅಂತ ನಾನು ತುಂಬಾ ದಿನ ಯೋಚನೆ ಮಾಡ್ತಿದ್ದೆ, ಯಾಕಂದ್ರೆ ಸುತ್ತಮುತ್ತ ಎಲ್ಲಾ ಹೊಲಗಳೂ ಸೈಟಾಗಿವೆ. ರೂಟ್ 130 ಹೆದ್ದಾರಿ ಊರ ಒಳಗೆ ಬರದೇ ಪೂರ್ವಕ್ಕೆ ಬೈಪಾಸ್ ಥರ ಹೋಯ್ತು, ಹಂಗಾಗಿ ಲಾರಿಗಳು ಮೇನ್ ಸ್ಟ್ರೀಟ್ ಮುರೀಲಿಲ್ಲ. ಆಮೇಲೆ ಟರ್ನ್‌ಪೈಕ್ ಅನ್ನೋ ಟೋಲ್ ಹೆದ್ದಾರಿಯ ಎಕ್ಸಿಟ್ 8ಎ ಹತ್ರ ಪೂರ್ವದ ಕಡೆ ಜಾಗವನ್ನೆಲ್ಲಾ ವೇರ್‌ಹೌಸ್‌ಗೆ ಬಿಟ್ರು, ಪಶ್ಚಿಮದ ಹೊಲಗಳನ್ನ ಫಾರ್ಮ್‌ಲ್ಯಾಂಡ್ ಸಂರಕ್ಷಣೆ ಸ್ಕೀಮಲ್ಲಿ ಭದ್ರ ಮಾಡ್ಕೊಂಡ್ರು. ಅಂದ್ರೆ ಲೆಕ್ಕ ಏನಪ್ಪಾ ಅಂದ್ರೆ, ಆ ಕಿಟಕಿ ಇಲ್ಲದ ದೈತ್ಯ ಬಿಳಿ ಡಬ್ಬಗಳು ಟ್ಯಾಕ್ಸ್ ಕಟ್ತವೆ, ಸ್ಕೂಲಿಗೆ ಒಂದು ಮಗುನೂ ಕಳ್ಸಲ್ಲ. ಕೆರೆ, ಬಾತು, ಜಗಲಿ ಇದನ್ನೆಲ್ಲಾ ಸಾಕ್ತಾ ಇರೋದು ಆ ವೇರ್‌ಹೌಸು. ರಾತ್ರಿ 130ರ ಕಡೆ ಹೋಗಿ ನೋಡಿ, ಲಾರಿಗಳ ಸಾಲು, ರಿವರ್ಸ್ ಹಾರ್ನು. ಮನೆ 130ಕ್ಕೆ ಹತ್ರ ಇದ್ರೆ ರಾತ್ರಿ ಹತ್ತು ಗಂಟೆಗೆ ಕಾರಲ್ಲಿ ಕಿಟಕಿ ಇಳಿಸಿ ಹತ್ತು ನಿಮಿಷ ಕೂತು ಕೇಳಿಸ್ಕೊಳ್ಳಿ, ಮನೆ ನೋಡೋಕೆ ಎಲ್ರನ್ನೂ ಒಳಗೆ ಬಿಡೋ ಓಪನ್ ಹೌಸ್ ಇಡೋ ಭಾನುವಾರ ಮಧ್ಯಾಹ್ನ ಅದು ಕೇಳಿಸಲ್ಲ.

ಸ್ಕೂಲು ಒಂದೇ ಕಟ್ಟಡ, ಎಂಟನೇ ಕ್ಲಾಸ್ ತನಕ. ಎಲ್ಲಾ ಮಕ್ಕಳೂ ಎಲ್ಲರಿಗೂ ಗೊತ್ತು, ಟೀಚರ್‌ಗೆ ನಿಮ್ಮ ನಾಯಿ ಹೆಸ್ರೂ ಗೊತ್ತಿರತ್ತೆ. ಒಂಬತ್ತನೇ ಕ್ಲಾಸಿಗೆ ಒಪ್ಪಂದದ ಪ್ರಕಾರ ಪ್ರಿನ್ಸ್‌ಟನ್ ಹೈಸ್ಕೂಲಿಗೆ ಕಳಿಸ್ತಾರೆ, ಇದೇ ಈ ಊರಿನ ದೊಡ್ಡ ಆಕರ್ಷಣೆ. ಆದ್ರೆ ಯೋಚನೆ ಮಾಡಿ, ಚಿಕ್ಕ ಸ್ಕೂಲಲ್ಲಿ ಒಂದ್ಸಲ ಸ್ನೇಹಿತರ ಗುಂಪಿಂದ ಹೊರಗಾದ್ರೆ ಬೇರೆ ಸೆಕ್ಷನ್ನಿಗೆ ಹೋಗಿ ಹೊಸದಾಗಿ ಶುರು ಮಾಡೋಕೆ ಜಾಗ ಇರಲ್ಲ, ಒಂಬತ್ತು ವರ್ಷ ಅದೇ ಮುಖಗಳು. ನಮ್ಮ ದೊಡ್ಡವಳು ಸ್ವಲ್ಪ ಸಂಕೋಚದ ಹುಡುಗಿ, ನಾವು ಹಿಂದೆ ಸರಿದಿದ್ದಕ್ಕೆ ಇದೂ ಒಂದು ಕಾರಣ. ಕೆಲವು ಮಕ್ಕಳಿಗೆ ಇದೇ ಸರಿಹೋಗತ್ತೆ, ಪರಿಚಯದ ಒಂದು ಮನೆಯ ಹುಡುಗ ಅಲ್ಲಿಗೆ ಹೋದ್ಮೇಲೆನೇ ಬಾಯಿಬಿಟ್ಟು ಮಾತಾಡೋಕೆ ಶುರು ಮಾಡಿದ್ದು.

ಹಳೇ ಮನೆ ತಗೊಳ್ಳೋರಿಗೆ ಇನ್ನೊಂದು. ಹಿಸ್ಟಾರಿಕ್ ಡಿಸ್ಟ್ರಿಕ್ಟ್ ಒಳಗಿದ್ರೆ ಮನೆ ಹೊರಗಡೆ ಬದಲಾವಣೆ ಮಾಡ್ಬೇಕು ಅಂದ್ರೆ ಪ್ರಿಸರ್ವೇಶನ್ ಕಮಿಷನ್ ಅಂತಿದೆ, ಅವ್ರ ಮುಂದೆ ಹೋಗ್ಬೇಕು. ನಮ್ಮವರು ಮನೆ ತಗೊಂಡ ತಿಂಗಳಿಗೇ ಹಿಂದೆ ಡೆಕ್ಕು, ಮುಂದೆ ಹೊಸ ಬಾಗ್ಲು ಅಂತ ಶುರು ಮಾಡ್ತಾರಲ್ಲ, ಆ ಆಸೆ ಸ್ವಲ್ಪ ತಡ್ಕೋಬೇಕು. ಊರ ಆಡಳಿತಕ್ಕೆ ಐದು ಜನರ ಕಮಿಟಿ, ಅವ್ರಲ್ಲೇ ಒಬ್ರನ್ನ ಪ್ರತಿ ಜನವರಿ ಮೇಯರ್ ಮಾಡ್ಕೊಳ್ತಾರೆ, ಮೀಟಿಂಗಿಗೆ ಹೋದ್ರೆ ನಿಮ್ಮನ್ನ ಹೆಸರಿಡಿದು ಮಾತಾಡ್ಸೋಷ್ಟು ಸಣ್ಣ ಊರು. ಶಾಂತವಾಗೇ ಇರತ್ತೆ ಅಂತ ಅಂದ್ಕೋಬೇಡಿ, 2025ರಲ್ಲಿ ಕಡಿಮೆ ಆದಾಯದವರ ಮನೆಗೆ ಜಾಗ ಬೇಕು ಅಂತ ಒಂದು ಹಳೇ ಫಾರ್ಮ್ ಮೇಲೆ ಟೌನ್‌ಶಿಪ್ ಕಣ್ಣು ಹಾಕಿ, ಅದು ದೇಶದ ನ್ಯೂಸ್ ಆಗೋ ಮಟ್ಟಕ್ಕೆ ಗಲಾಟೆ ಆಯ್ತು. ಈ ರಾಜ್ಯದಲ್ಲಿ 1975ರ ಮೌಂಟ್ ಲಾರೆಲ್ ತೀರ್ಪಿಂದ ಈಚೆಗೆ ಪ್ರತಿ ಊರೂ ತನ್ನ ಪಾಲಿನ ಅಫೋರ್ಡಬಲ್ ಮನೆಗಳಿಗೆ ಅವಕಾಶ ಕೊಡ್ಲೇಬೇಕು, ಹಂಗಾಗಿ "ನಮ್ಮನೆ ಎದುರಿನ ಹೊಲ ಯಾವತ್ತೂ ಹೊಲವಾಗೇ ಇರತ್ತೆ" ಅನ್ನೋ ಮಾತಿಗೆ ಕಾಗದ ಕೇಳಿ, ಸಂರಕ್ಷಿತ ಜಮೀನಾ ಬರೀ ಖಾಲಿ ಜಮೀನಾ ಅಂತ.

ಇನ್ನು ನಮ್ಮ ಪ್ಲೇನ್ಸ್‌ಬರೋ. ಅಳತೆಯಲ್ಲಿ ಕ್ರಾನ್‌ಬರಿಗಿಂತ ಸ್ವಲ್ಪ ಚಿಕ್ಕದೇ, ಸುಮಾರು 12 ಚದರ ಮೈಲಿ, ಕ್ರಾನ್‌ಬರಿ 13, ಆದ್ರೆ ಜನ 24,084. ಹೆಚ್ಚುಕಮ್ಮಿ ಅಷ್ಟೇ ಜಾಗದಲ್ಲಿ ಆರು ಪಟ್ಟು ಜನ. ಮಜಾ ಅಂದ್ರೆ ಈ ಊರು ಹುಟ್ಟಿದ್ದೇ 1919ರಲ್ಲಿ, ಕ್ರಾನ್‌ಬರಿಯಿಂದ ಒಂದಿಷ್ಟು ಸೌತ್ ಬ್ರನ್ಸ್‌ವಿಕ್‌ನಿಂದ ಒಂದಿಷ್ಟು ಕಿತ್ಕೊಂಡು, ಪಾಲಾದ ಅಣ್ತಮ್ಮಂದಿರ ಥರ. ಆಗ ಇದು ಹಾಲಿನ ಊರು. ವಾಕರ್ ಗಾರ್ಡನ್ ಅಂತ ಒಂದು ದೊಡ್ಡ ಡೈರಿ ಇತ್ತು, 1930ರಲ್ಲಿ ಅಲ್ಲಿ ರೋಟೋಲ್ಯಾಕ್ಟರ್ ಅಂತ ತಿರುಗೋ ಕಟ್ಟೆ ಮಾಡಿದ್ರು, 50 ಹಸುಗಳು ಹತ್ತಿ ನಿಂತು ಒಂದು ಸುತ್ತು ಬರೋಷ್ಟರಲ್ಲಿ ಹಾಲು ಕರೆದಾಗಿರತ್ತೆ. ಜಾಹೀರಾತಿನಿಂದ ಅಮೆರಿಕಾಗೆಲ್ಲಾ ಗೊತ್ತಿದ್ದ ಎಲ್ಸಿ ಅನ್ನೋ ಹಸು ಇದೇ ಡೈರಿದು, 1941ರಲ್ಲಿ ಅದು ಸತ್ತಾಗ ಇಲ್ಲೇ ಮಣ್ಣು ಮಾಡಿದ್ರು, ಈಗ ಆ ಜಾಗದಲ್ಲಿ ಮನೆಗಳ ಲೇಔಟು, ಎಲ್ಸಿ ನೆನಪಿಗೆ ಒಂದು ಕಲ್ಲಿದೆ. ನಮ್ಮತ್ತೆ ಬಂದಾಗ ನೋಡೋಕೆ ಕರ್ಕೊಂಡ್ಹೋಗಿದ್ದೆ, ಕೈ ಮುಗಿದು ಒಂದು ಸುತ್ತು ಹಾಕಿದ್ರು.

1970ರ ದಶಕದಿಂದ ಆ ಹೊಲಗಳೆಲ್ಲಾ ಅಪಾರ್ಟ್‌ಮೆಂಟ್ ಆದ್ವು. ಫಾಕ್ಸ್ ರನ್, ಹಂಟರ್ಸ್ ಗ್ಲೆನ್, ಡೀರ್ ಕ್ರೀಕ್, ಎಲ್ಲಾ ಹೆಸರಲ್ಲೂ ಕಾಡುಪ್ರಾಣಿ, ಬೇಟೆ. ಎಚ್1ಬಿ ವೀಸಾ ಮೇಲೆ ಬಂದ ನಮ್ಮವರ ಮೊದಲನೇ ಮನೆ ಅಂದ್ರೆ ಬಹಳ ಜನಕ್ಕೆ ಇವೇ. ಸಂಜೆ ಆರೂವರೆಗೆ ಆ ಕಾಂಪ್ಲೆಕ್ಸ್ ಒಳಗೆ ನಡ್ಕೊಂಡು ಹೋದ್ರೆ ಒಂದು ಬಾಲ್ಕನಿಯಿಂದ ಸಾಸಿವೆ ಒಗ್ಗರಣೆ, ಇನ್ನೊಂದ್ರಿಂದ ಪಾವ್ ಭಾಜಿ, ಕೆಳಗೆ ಟೆನಿಸ್ ಬಾಲಲ್ಲಿ ಕ್ರಿಕೆಟ್ಟು, ಊರಿಂದ ಬಂದ ತಾತಂದಿರು ಸ್ವೆಟರ್ ಮೇಲೆ ಮಫ್ಲರ್ ಸುತ್ಕೊಂಡು ಮೂರ್ಮೂರು ಜನ ವಾಕಿಂಗು, ತೆಲುಗು ತಾತ ತೆಲುಗಲ್ಲಿ, ನಮ್ಮ ಮಾವ ಕನ್ನಡದಲ್ಲಿ, ಹೇಗೋ ರಾಜಕೀಯ ಮಾತಾಡ್ಕೊಳ್ತಾರೆ. ಅಪ್ಪ ಅಮ್ಮ ಆರು ತಿಂಗಳು ಬಂದು ಇರೋ ಪ್ಲಾನ್ ಇದ್ರೆ ಇದನ್ನ ಲಘುವಾಗಿ ತಗೋಬೇಡಿ. ಕಾರಿಲ್ಲದೆ ನಡೆದು ಹೋಗೋ ದೂರಕ್ಕೆ ಅಂಗಡಿ, ಮಾತಾಡೋಕೆ ಜನ, ಇದು ಕ್ರಾನ್‌ಬರಿಯ ಸುಂದರ ಜಗಲಿ ಮೇಲೆ ಸಿಗಲ್ಲ, ಅಲ್ಲಿ ಅವ್ರು ಕೆರೆ ನೋಡ್ಕೊಂಡು ಒಬ್ಬೊಬ್ರೇ ಕೂರ್ಬೇಕು, ಬಾತುಗಳಿಗೆ ಕನ್ನಡ ಬರಲ್ಲ.

ಲೈಬ್ರರಿ ಬಗ್ಗೆ ಹೇಳ್ದೆ ಇದ್ರೆ ತಪ್ಪಾಗತ್ತೆ, 2010ರಲ್ಲಿ ಕಟ್ಟಿದ್ದು, ಮೂರಂತಸ್ತು, ಶನಿವಾರ ಕೂರೋಕೆ ಚೇರ್ ಸಿಗೋದು ಕಷ್ಟ. 2012ರಲ್ಲಿ ಪ್ರಿನ್ಸ್‌ಟನ್ ಆಸ್ಪತ್ರೆ ರೂಟ್ 1ರ ಪಕ್ಕ ಪ್ಲೇನ್ಸ್‌ಬರೋಕ್ಕೆ ಬಂತು, ಹೆಸರು ಪ್ರಿನ್ಸ್‌ಟನ್, ಜಾಗ ನಮ್ಮದು. ಸುಮಾರು ಸಾವಿರ ಎಕರೆಯ ಪ್ಲೇನ್ಸ್‌ಬರೋ ಪ್ರಿಸರ್ವ್ ಅಂತ ಕಾಡಿದೆ, ಒಳಗೊಂದು ಕೆರೆ, ಮಕ್ಕಳನ್ನ ಕರ್ಕೊಂಡ್ಹೋಗಿ, ಮನೆಗೆ ಬಂದ್ಮೇಲೆ ಕಾಲು ಕತ್ತು ಎಲ್ಲಾ ಉಣ್ಣೆಹುಳ (ಟಿಕ್) ಹತ್ತಿದ್ಯಾ ನೋಡ್ಕೊಳ್ಳಿ, ಇಲ್ಲಿನ ಉಣ್ಣೆಹುಳದಿಂದ ಲೈಮ್ ಕಾಯಿಲೆ ಬರತ್ತೆ. ಕೊರತೆ ಏನು ಅಂದ್ರೆ ಊರಿಗೊಂದು ಊರಿನ ಮುಖ ಇಲ್ಲ. ವಿಲೇಜ್ ಸೆಂಟರ್ ಅಂತ ಒಂದು ಚೌಕ ಮಾಡಿದಾರೆ, ಚೆನ್ನಾಗೇ ಇದೆ, ಆದ್ರೆ ಕ್ರಾನ್‌ಬರಿ ಮೇನ್ ಸ್ಟ್ರೀಟ್ ನೋಡಿ ಬಂದವರಿಗೆ ಇದು ನಾಟಕದ ಸೆಟ್ ಥರ ಕಾಣತ್ತೆ. ಜನನೂ ನಿಲ್ಲಲ್ಲ, ಬಾಡಿಗೆ ಮನೆಯವರು ಎರಡು ವರ್ಷ ಇದ್ದು ಮನೆ ತಗೊಂಡು ಬೇರೆ ಕಡೆ ಹೋಗ್ತಾರೆ, ನನ್ನ ಮಗಳ ಮೂರು ಬೆಸ್ಟ್ ಫ್ರೆಂಡ್‌ಗಳು ಹೀಗೇ ಹೋದ್ರು.

ವೆಸ್ಟ್ ವಿಂಡ್ಸರ್ ಅಂದ್ರೆ ಮರ್ಸರ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ನಮ್ಮ ಪಕ್ಕದೂರೇ, 29,518 ಜನ, ಅಳತೆಯಲ್ಲಿ ನಮ್ಮೂರ ಎರಡರಷ್ಟು. ಇಲ್ಲಿ ಬಹಳ ಜನ ಎಡವೋದು ಏನಂದ್ರೆ "ಸ್ಕೂಲಿಗೋಸ್ಕರ ವೆಸ್ಟ್ ವಿಂಡ್ಸರ್‌ಗೆ ಹೋಗ್ತೀವಿ" ಅಂತಾರೆ, ಅಯ್ಯೋ, ಎರಡೂ ಊರಿಗೂ ಸ್ಕೂಲ್ ಡಿಸ್ಟ್ರಿಕ್ಟ್ (ಸರ್ಕಾರಿ ಸ್ಕೂಲುಗಳನ್ನ ನಡ್ಸೋ ಆಡಳಿತ) ಒಂದೇ ಕಣ್ರೀ, ವೆಸ್ಟ್ ವಿಂಡ್ಸರ್ ಪ್ಲೇನ್ಸ್‌ಬರೋ ರೀಜನಲ್ ಅಂತಾನೇ ಹೆಸ್ರು. ಹೈಸ್ಕೂಲ್ ನಾರ್ತ್ ನಮ್ಮೂರಲ್ಲಿದೆ, ಸೌತ್ ಅವ್ರೂರಲ್ಲಿದೆ, ವೆಸ್ಟ್ ವಿಂಡ್ಸರ್‌ನ ಕೆಲವು ಬಡಾವಣೆ ಮಕ್ಕಳು ನಾರ್ತ್‌ಗೇ ಬರ್ತಾರೆ. ಎರಡರಲ್ಲೂ ಪೈಪೋಟಿ ಜೋರು. 2015ರಲ್ಲಿ ಮಕ್ಕಳ ಒತ್ತಡ ನೋಡಲಾರದೆ ಸೂಪರಿಂಟೆಂಡೆಂಟೇ ಪೋಷಕರಿಗೆ ಉದ್ದ ಪತ್ರ ಬರೆದು, ಹೈಸ್ಕೂಲಿನ ಮಿಡ್‌ಟರ್ಮು ಫೈನಲ್ಸು ತೆಗೆದುಹಾಕಿದ್ರು, ಹೋಮ್‌ವರ್ಕ್ ಇಲ್ಲದ ರಾತ್ರಿಗಳು ಅಂತ ಮಾಡಿದ್ರು, ಅದಕ್ಕೆ ಪೋಷಕರೇ ಎರಡು ಬಣ ಆದ್ರು, ನಮ್ಮ ದೇಶದವರು ಹೆಚ್ಚಾಗಿ ಯಾವ ಕಡೆ ಇದ್ರು ಅಂತ ನೀವೇ ಊಹೆ ಮಾಡಿ. ರ‍್ಯಾಂಕಿಂಗ್ ನೋಡಿ ಬರೋರು ಇದನ್ನೂ ನೋಡ್ಬೇಕು, ನಿಮ್ಮ ಮಗು ಕ್ಲಾಸಲ್ಲಿ ಮೊದಲನೇದಿತ್ತು ಅನ್ಕೊಳ್ಳಿ, ಇಲ್ಲಿ ಮೊದಲನೇದಿದ್ದ ಮಕ್ಕಳೇ ಕ್ಲಾಸ್ ತುಂಬಾ ಇರ್ತಾರೆ.

ಹಾಗಾದ್ರೆ ಈ ಎರಡು ಊರಿಗೆ ವ್ಯತ್ಯಾಸ ಏನು? ರೈಲ್ವೆ ಸ್ಟೇಷನ್ನು. ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ ಇರೋದು ವೆಸ್ಟ್ ವಿಂಡ್ಸರ್ ಒಳಗೆ, ಅಲ್ಲಿಂದ ನ್ಯೂಯಾರ್ಕ್ ಪೆನ್ ಸ್ಟೇಷನ್‌ಗೆ ಒಂದು ಗಂಟೆ ಮೇಲೆ ಸ್ವಲ್ಪ. ಪ್ರಿನ್ಸ್‌ಟನ್ ಯೂನಿವರ್ಸಿಟಿಗೆ ಡಿಂಕಿ ಅಂತ ಒಂದು ಮರಿ ಟ್ರೇನಿದೆ, 2.7 ಮೈಲಿ, ಹತ್ತಿ ಕೂತು ಫೋನ್ ತೆಗೆಯೋದ್ರೊಳಗೆ ಇಳಿಯೋ ಜಾಗ. ನಮ್ಮ ಮನೆಯವ್ರು ವಾರಕ್ಕೆ ಮೂರು ದಿನ ಮ್ಯಾನ್‌ಹ್ಯಾಟನ್‌ಗೆ ಹೋಗ್ತಾರೆ, ಅವ್ರ ಬೆಳಗ್ಗೆ ಹೇಗಿರತ್ತೆ ಹೇಳ್ತೀನಿ ಕೇಳಿ. ಮ್ಯಾಪಲ್ಲಿ ನಮ್ಮನೆಯಿಂದ ಸ್ಟೇಷನ್ ಹನ್ನೆರಡು ನಿಮಿಷ ಅಂತ ತೋರ್ಸತ್ತೆ. ಜನವರಿಯಲ್ಲಿ ಗಾಜಿನ ಮೇಲಿನ ಮಂಜು ಕೆರೆಯೋದು ಐದು ನಿಮಿಷ, ಸ್ಕೂಲ್ ಬಸ್ಸು ಕೆಂಪು ದೀಪ ಹಾಕಿ ನಿಂತ್ರೆ ಎರಡೂ ಕಡೆ ಟ್ರಾಫಿಕ್ ನಿಲ್ಲತ್ತೆ, ಅದು ಮೂರು ಸ್ಟಾಪ್, ಆಮೇಲೆ ಪಾರ್ಕಿಂಗ್ ಲಾಟ್‌ನ ತುದೀಲಿ ಕಾರ್ ನಿಲ್ಸಿ ಓಟ. ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ ಒಳಗಿನ ಹಳಿ ಮೇಲೆ ಆಸೆಲಾ ಅನ್ನೋ ಫಾಸ್ಟ್ ಟ್ರೇನ್ ಹೋಗತ್ತೆ, ನಿಲ್ಲಲ್ಲ, ಸೌಂಡು ಬರೋಕೆ ಮುಂಚೆ ಗಾಳಿ ಬಂದು ಕೈಲಿರೋ ಕಾಫಿ ಲೋಟದ ಮುಚ್ಚಳ ಹಾರತ್ತೆ. ಮ್ಯಾಪಿನ ಹನ್ನೆರಡು ನಿಮಿಷಕ್ಕೆ ಅವ್ರು ಮನೆ ಬಿಡೋದು ನಲವತ್ತು ನಿಮಿಷ ಮುಂಚೆ. ಪಾರ್ಕಿಂಗ್ ಪರ್ಮಿಟ್ ವಿಷ್ಯದಲ್ಲಿ ಆ ಊರಿನ ನಿವಾಸಿಗಳಿಗೆ ಅನುಕೂಲ ಜಾಸ್ತಿ, ವರ್ಷಗಟ್ಟಲೆ ವೇಟಿಂಗ್ ಲಿಸ್ಟ್ ಇದ್ದ ಕಾಲನೂ ಇತ್ತು, ಕೋವಿಡ್ ಆದ್ಮೇಲೆ ಸಡಿಲ ಆಗಿದೆ. ವಾರಕ್ಕೆ ಐದು ದಿನ ಸಿಟಿಗೆ ಹೋಗೋರು ಯಾರಾದ್ರೂ ಮನೇಲಿದ್ರೆ ಕಣ್ಮುಚ್ಕೊಂಡು ಸ್ಟೇಷನ್‌ಗೆ ನಡೆದು ಹೋಗೋ ದೂರದ ವೆಸ್ಟ್ ವಿಂಡ್ಸರ್ ನೋಡಿ, ಒಂದು ಬೆಡ್‌ರೂಮ್ ಕಮ್ಮಿ ಆದ್ರೂ ಪರ್ವಾಗಿಲ್ಲ. ವರ್ಕ್ ಫ್ರಮ್ ಹೋಮ್ ಇದ್ರೆ ಸ್ಟೇಷನ್ನಿಗೆ ಕೊಡೋ ಆ ಎಕ್ಸ್‌ಟ್ರಾ ದುಡ್ಡು ದಂಡ.

ಮನೆಗಳು ಇಲ್ಲಿ ದೊಡ್ಡವು, ಸ್ವತಂತ್ರ ಮನೆಗಳು ಜಾಸ್ತಿ, ಬೆಲೆನೂ ಹಾಗೇ. ಮರ್ಸರ್ ಕೌಂಟಿ ಪಾರ್ಕ್ ಈ ಊರಲ್ಲೇ ಇದೆ, ದೊಡ್ಡ ಕೆರೆ, ದೋಣಿ ಹುಟ್ಟು ಹಾಕೋ ರಾಷ್ಟ್ರೀಯ ಮಟ್ಟದವರು ಅಲ್ಲಿ ಪ್ರಾಕ್ಟೀಸ್ ಮಾಡಿದಾರೆ. 2018ರಲ್ಲಿ ಮೇಯರ್ ಆದ ಹೇಮಂತ್ ಮರಾಠೆ ಭಾರತದಿಂದ ಬಂದವರು, ಇಲ್ಲಿ ಮೇಯರನ್ನ ಜನನೇ ನೇರವಾಗಿ ಆರಿಸ್ತಾರೆ. ಇನ್ನೊಂದು ಕಥೆ, 1938ರ ಅಕ್ಟೋಬರ್ 30ರ ರಾತ್ರಿ ರೇಡಿಯೋ ನಾಟಕವೊಂದರಲ್ಲಿ ಮಂಗಳ ಗ್ರಹದವರು ಬಂದು ಇಳಿದ ಜಾಗ ಇದೇ ಊರಿನ ಗ್ರೋವರ್ಸ್ ಮಿಲ್, ನಿಜ ಅಂತ ನಂಬಿ ಹೆದರಿದವರೂ ಇದ್ರು, ಪಾರ್ಕಲ್ಲಿ ಅದಕ್ಕೊಂದು ಸ್ಮಾರಕ ಇದೆ. ಮನೆ ಹುಡುಕೋಕೆ ಇದ್ರಿಂದ ಏನೂ ಉಪಯೋಗ ಇಲ್ಲ, ಆದ್ರೆ ಮಕ್ಕಳಿಗೆ ಹೇಳಿ, ಖುಷಿ ಪಡ್ತಾರೆ.

ರಾಬಿನ್ಸ್‌ವಿಲ್ ಬಗ್ಗೆ ಈಚೆಗೆ ಕೇಳೋರು ಜಾಸ್ತಿ ಆಗಿದಾರೆ, ಕಾರಣ ಅಕ್ಷರಧಾಮ. 2023ರ ಅಕ್ಟೋಬರ್ 8ಕ್ಕೆ ಉದ್ಘಾಟನೆ ಆಯ್ತು, ಕಲ್ಲಿನ ಕೆತ್ತನೆ ನೋಡಿದ್ರೆ ಬೇಲೂರು ನೋಡಿದವರೂ ಒಂದ್ನಿಮಿಷ ನಿಂತ್ಕೋತಾರೆ. ಹಬ್ಬದ ವಾರಾಂತ್ಯಗಳಲ್ಲಿ ಆ ರಸ್ತೆ ಕಡೆ ತಲೆ ಹಾಕ್ಬೇಡಿ. ಈ ಊರಿಗೆ ಮೊದ್ಲು ವಾಷಿಂಗ್ಟನ್ ಟೌನ್‌ಶಿಪ್ ಅಂತ ಹೆಸರಿತ್ತು, ಅದೇ ಹೆಸರಿನ ಊರುಗಳು ಇದೇ ರಾಜ್ಯದಲ್ಲಿ ಇನ್ನೂ ಹಲವು ಇದ್ದಿದ್ರಿಂದ ಗೊಂದಲವೋ ಗೊಂದಲ, 2007ರಲ್ಲಿ ಜನ ಓಟ್ ಹಾಕಿ ಹೆಸ್ರು ಬದಲಾಯಿಸ್ಕೊಂಡ್ರು. 15,476 ಜನ, ಮನೆಗಳು ಹೊಸವು, ಟೌನ್ ಸೆಂಟರ್ ಅಂತ ಪ್ಲಾನ್ ಮಾಡಿ ಕಟ್ಟಿದಾರೆ, ಕೆಳಗೆ ಅಂಗಡಿ ಮೇಲೆ ಮನೆ, ಕೆರೆ ಸುತ್ತ ಫುಟ್‌ಪಾತು. ಅದೇ ದುಡ್ಡಿಗೆ ವೆಸ್ಟ್ ವಿಂಡ್ಸರ್‌ಗಿಂತ ಹೊಸ ಮನೆ ಸಿಗೋ ಸಾಧ್ಯತೆ ಜಾಸ್ತಿ. ರೈಲಿಗೆ ಹ್ಯಾಮಿಲ್ಟನ್ ಸ್ಟೇಷನ್ನಿಗೆ ಹೋಗ್ಬೇಕು, ನ್ಯೂಯಾರ್ಕ್‌ಗೆ ಇನ್ನೂ ದೂರ, ಫಿಲಡೆಲ್ಫಿಯಾ ಕಡೆ ಕೆಲಸ ಇದ್ದೋರಿಗೆ ಇದೇ ಸರಿ. ಈಸ್ಟ್ ವಿಂಡ್ಸರ್ ಬಗ್ಗೆ ಒಂದೇ ಮಾತು, ಇಷ್ಟೂ ಊರುಗಳಲ್ಲಿ ಜೇಬಿಗೆ ಹಗುರ ಅದು, ನಡುವೆ ಹೈಟ್ಸ್‌ಟೌನ್ ಅನ್ನೋ ಇನ್ನೊಂದೂರು ಉದ್ದಿನವಡೆ ತೂತಿನ ಥರ ಕೂತಿದೆ, ಸ್ಕೂಲ್ ಡಿಸ್ಟ್ರಿಕ್ಟ್ ಬೇರೆ.

ಈಗ ಟ್ಯಾಕ್ಸು. ನ್ಯೂಜೆರ್ಸಿಯಲ್ಲಿ ಮನೆ ಟ್ಯಾಕ್ಸಿನ ಸರಾಸರಿ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿದೆ, ದೇಶಕ್ಕೇ ಜಾಸ್ತಿ, ನಾವು ನೋಡೋ ಈ ಊರುಗಳಲ್ಲಿ ಅದಕ್ಕಿಂತ ಮೇಲೇ ಇರತ್ತೆ ಅಂತ ಇಟ್ಕೊಳ್ಳಿ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಖು, ನಾಲ್ಕು ಕಂತು. ಬಿಲ್ಲಲ್ಲಿ ದೊಡ್ಡ ತುಂಡು ಸ್ಕೂಲಿಗೆ, ಆಮೇಲೆ ಕೌಂಟಿ, ಆಮೇಲೆ ಟೌನ್‌ಶಿಪ್ಪು. ಎಲ್ರೂ ಮಾಡೋ ತಪ್ಪು ಏನು ಅಂದ್ರೆ ಎರಡು ಊರಿನ ಟ್ಯಾಕ್ಸ್ ರೇಟು ಪಕ್ಕಪಕ್ಕ ಇಟ್ಟು ಹೋಲ್ಸೋದು. ಒಂದೂರಲ್ಲಿ ರೇಟು ನೂರಕ್ಕೆ 3, ಇನ್ನೊಂದ್ರಲ್ಲಿ ಒಂದೂವರೆ ಅಂದ್ರೆ ಎರಡನೇದು ಅಗ್ಗ ಅನ್ಸತ್ತೆ, ಆದ್ರೆ ಮೊದಲನೇ ಊರಿನವರು ನಿಮ್ಮ ಮನೆಗೆ ಹಳೇ ಕಾಲದ ಬೆಲೆ 4 ಲಕ್ಷ ಕಟ್ಟಿ, ಎರಡನೇಯವ್ರು ಈಚೆಗೆ ರೀವ್ಯಾಲ್ಯೂಯೇಷನ್ ಮಾಡಿ 8 ಲಕ್ಷ ಕಟ್ಟಿದ್ರೆ, ಎರಡಕ್ಕೂ ಬಿಲ್ 12,000 ಡಾಲರೇ. ರೇಟ್ ಬಿಡಿ, ಆ ಮನೆಗೆ ಹೋದ ವರ್ಷ ಬಂದ ಬಿಲ್ ಎಷ್ಟು ಅಂತ ಕೇಳಿ, ಅದು ಸಾರ್ವಜನಿಕ ದಾಖಲೆ, ಯಾರು ಬೇಕಾದ್ರೂ ನೋಡ್ಬೋದು. ಟೌನ್‌ಹೌಸ್ ಆದ್ರೆ ಅದರ ಮೇಲೆ ತಿಂಗಳ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಫೀಸು, ಅದನ್ನ ಹನ್ನೆರಡರಿಂದ ಗುಣಿಸಿ ಟ್ಯಾಕ್ಸ್ ಜೊತೆ ಸೇರ್ಸಿ ಆಮೇಲೆ ಹೋಲಿಕೆ ಮಾಡಿ.

ಕನ್ನಡದ ವಿಷ್ಯಕ್ಕೆ ಊರು ಆರಿಸೋಕೆ ಹೋಗ್ಬೇಡಿ, ಎಲ್ಲಿದ್ರೂ ಕಾರಲ್ಲಿ ಹೋಗ್ಬೇಕಾದ್ದೇ. ಬೃಂದಾವನ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ರಾಜ್ಯದ ಎಲ್ಲಾ ಮೂಲೆಯಿಂದ ಬರ್ತಾರೆ, ಎಡಿಸನ್ನಲ್ಲಿ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಇದೆ, ನಮ್ಮಿಂದ ಅರ್ಧ ಗಂಟೆ ಆಸುಪಾಸು, ರೂಟ್ 1 ಮನಸ್ಸು ಮಾಡಿದ್ರೆ. ಅಂದಹಾಗೆ ಹೊಸಬರಿಗೆ ರೂಟ್ 1ರ ಜಗ್‌ಹ್ಯಾಂಡಲ್ ಮೊದಲನೇ ವಾರ ತಲೆ ಕೆಡ್ಸತ್ತೆ, ಎಡಕ್ಕೆ ತಿರುಗ್ಬೇಕು ಅಂದ್ರೆ ಬಲಕ್ಕೆ ಹೋಗಿ ಸುತ್ತಾಕಿ ಬರ್ಬೇಕು, ಬೈಕೊಂಡು ಬೈಕೊಂಡು ಅಭ್ಯಾಸ ಆಗತ್ತೆ.

ನನ್ನ ಲೆಕ್ಕದಲ್ಲಿ ಹೊಸದಾಗಿ ಬಂದವರು, ಯಾವ ಊರು ಅಂತ ಇನ್ನೂ ಗಟ್ಟಿ ಇಲ್ಲದವರು, ಅಪ್ಪ ಅಮ್ಮ ಬರೋರಿರೋರು, ಪ್ಲೇನ್ಸ್‌ಬರೋದಲ್ಲಿ ಒಂದು ವರ್ಷ ಬಾಡಿಗೆಗಿರಿ, ಸ್ಕೂಲ್ ಹೇಗೂ ವೆಸ್ಟ್ ವಿಂಡ್ಸರ್‌ದೇ. ಇಬ್ರೂ ಮನೆಯಿಂದ ಕೆಲ್ಸ, ಹಳೇ ಮನೆ ರಿಪೇರಿ ಇಷ್ಟ, ಮಗುಗೆ ಸಣ್ಣ ಸ್ಕೂಲ್ ಸರಿಹೋಗತ್ತೆ ಅನ್ನೋರು ಕ್ರಾನ್‌ಬರಿ ನೋಡಿ, ಆದ್ರೆ ಮಾರಾಟಕ್ಕೆ ಬರೋ ಮನೆನೇ ಕಮ್ಮಿ, ಕಾಯ್ಬೇಕು. ಅಲ್ಲಿ ಹಳೇ ಮನೆಗೆ ಆಫರ್ ಹಾಕೋರು ಅಂಗಳದಲ್ಲಿ ಹೂತಿಟ್ಟ ಆಯಿಲ್ ಟ್ಯಾಂಕ್ ಇದ್ಯಾ ಅಂತ ಸ್ಕ್ಯಾನ್ ಮಾಡಿಸ್ದೆ ಮುಂದುವರೀಬೇಡಿ. ಒಂದು ಕಾಲದಲ್ಲಿ ಮನೆ ಬೆಚ್ಚಗಿಡೋಕೆ ಎಣ್ಣೆ ಉರಿಸ್ತಿದ್ರು, ಆ ಟ್ಯಾಂಕ್ ಸೋರಿದ್ರೆ ಮಣ್ಣು ಅಗೆದು ಸಾಗ್ಸೋ ಖರ್ಚು ಈಗಿನ ಮಾಲೀಕರ ತಲೆ ಮೇಲೆ. ಇಲ್ಲಿ ಕಾಂಟ್ರ್ಯಾಕ್ಟ್ ಸೈನ್ ಆದ್ಮೇಲೆ ಮೂರು ಬಿಸಿನೆಸ್ ದಿನ ವಕೀಲರ ರಿವ್ಯೂ ಇರತ್ತೆ, ಇಂಥ ಷರತ್ತೆಲ್ಲಾ ಅದರೊಳಗೆ ಹಾಕ್ಸಿ.

ನಾವೇನು ಜಾಣರಲ್ಲ ಬಿಡಿ. ನಮ್ಮ ಟೌನ್‌ಹೌಸಿನ ಇನ್‌ಸ್ಪೆಕ್ಷನ್ ಮಾಡಿದವರು ನೆಲಮಾಳಿಗೆಗೆ ಬರೋ ನೀರನ್ನ ಹೊರಗೆ ಹಾಕೋ ಸಂಪ್ ಪಂಪನ್ನ ಒಂದ್ಸಲ ಆನ್ ಮಾಡಿ "ವರ್ಕಿಂಗ್" ಅಂತ ಟಿಕ್ ಹಾಕಿದ್ರು, ಕರೆಂಟ್ ಹೋದ್ರೆ ಅಂತ ಅವ್ರೂ ಹೇಳ್ಲಿಲ್ಲ ನಾವೂ ಕೇಳ್ಲಿಲ್ಲ. ಮೊದಲನೇ ದೊಡ್ಡ ಮಳೆಗೇ ಕರೆಂಟ್ ಹೋಯ್ತು, ರಾತ್ರಿ ಎರಡು ಗಂಟೆಗೆ ಕೆಳಗೆ ಇಳಿದ್ರೆ ಮದುವೆ ಆಲ್ಬಮ್ಮು, ಹತ್ತು ಕೆಜಿ ಸೋನಾ ಮಸೂರಿ ಚೀಲ, ಎರಡೂ ಕಣಕಾಲುದ್ದ ನೀರಲ್ಲಿ. ಬ್ಯಾಟರಿ ಬ್ಯಾಕಪ್ ಹಾಕಿಸಿದ್ದು ಆಮೇಲೆ.

ಮತ್ತೆ ಆಫರ್ ಹಾಕೋ ಮುಂಚಿನ ದಿನ ಒಂದು ಕೆಲ್ಸ ಮಾಡಿ, ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿನ ರಿಜಿಸ್ಟ್ರೇಷನ್ ವಿಭಾಗಕ್ಕೆ ಫೋನ್ ಮಾಡಿ ಮನೆ ನಂಬರು, ಬೀದಿ ಹೆಸ್ರು ಹೇಳಿ ಈ ಮನೆಗೆ ಯಾವ ಎಲಿಮೆಂಟರಿ, ಯಾವ ಮಿಡಲ್, ಯಾವ ಹೈಸ್ಕೂಲು ಅಂತ ಕೇಳಿ. ಎರಡು ನಿಮಿಷದ ಕೆಲ್ಸ. "ಆ ಬೀದಿ ನಮ್ಮ ಡಿಸ್ಟ್ರಿಕ್ಟ್ ಅಲ್ವಲ್ಲಾ" ಅಂತ ಅವ್ರು ಹೇಳಿದ್ರೆ, ಏಜೆಂಟ್‌ಗೆ ಫೋನ್ ಮಾಡೋಕೆ ಮುಂಚೆ ಒಂದು ಲೋಟ ಕಾಫಿ ಕುಡೀರಿ.